ಅಣುತೀರ್ಥ

ಹೊಳಬಸಪ್ಪನ ಬಾಯಿಂದ ಒಂದೇ ಒಂದು ನೆಟ್ಟಗಿನ ಮಾತು ಹೊರಬಿದ್ದದ್ದನ್ನು ಪುಣೆಯ ಧನಕವಡಿ ಬಡಾವಣೆಯಲ್ಲಿ ಕೇಳಿದವರಿಲ್ಲ. ಅವನು ಗುಮಾಸ್ತನಾಗಿರುವ ಕಾಲೇಜಿನ ಪರೀಕ್ಷಾ ವಿಭಾಗದ ಕಿಟಕಿಗೆ ಬಂದು ಯಾವನಾದರೂ ಹುಡುಗ, "ಸರ್, ಹಾಲ್ ಟಿಕೆಟ್ ಇಲ್ಲೇ ಕೊಡ್ತಾರಾ?" ಎಂದು ಕೇಳಿದನೆನ್ನಿ. "ಛೇ ಛೇ, ಇಲ್ಲಿ ಬದನೆಕಾಯಿ ಕೊಡುತ್ತೇವೆ. ನಿಮ್ಮ ತಲೆಯ ಮೇಲಿರುವ ಬೋರ್ಡು ಅಲಂಕಾರಕ್ಕೆ ಬರೆಸಿದ್ದು" ಎಂದು ಮರಾಠಿಯಲ್ಲಿ ಉತ್ತರ ಬರುತ್ತಿತ್ತು. ಹೇಳುವಾಗ ಅವನ ಮುಖದ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಬೇರೆ ಊರಿನಲ್ಲಾಗಿದ್ದರೆ ಇದಕ್ಕೆ ಎರಡು ಬಿಗಿಯುತ್ತಿದ್ದರು. ಪುಣೆಯಲ್ಲಿ ಹಾಗಲ್ಲ. ಮಧ್ಯಾಹ್ನ ಅಂಗಡಿಯ ಕದ ಹಾಕಿಕೊಂಡು ಮಲಗಿ, "ಬೆಲ್ ಒಮ್ಮೆ ಒತ್ತಿದರೆ ಸಾಕು, ಒಳಗಿರುವವರು ಕಿವುಡರಲ್ಲ, ನಿಮ್ಮನ್ನು ಕಾಣುವ ಇಷ್ಟವಿಲ್ಲ ಅಷ್ಟೇ" ಎಂದು ಬಾಗಿಲಿಗೆ ಬರೆದು ಹಾಕುವ ಜನರ ಊರು ಅದು. ಇಲ್ಲಿ ಕೊಂಕಿಲ್ಲದೆ ಮಾತಾಡುವವನನ್ನು ಹೊರಗಿನವನು ಎಂದು ಥಟ್ಟನೆ ಗುರುತಿಸುತ್ತಾರೆ.

ಹೊಳಬಸಪ್ಪ ಹೊರಗಿನವನೇ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಮೊದಲ ಸಲ ಪುಣೆಗೆ ಬಂದಾಗ ಕಿರಾಣಿ ಅಂಗಡಿಯವನು ಇವನ ಮರಾಠಿ ಕೇಳಿ, ಪಕ್ಕದ ಗಿರಾಕಿಗೆ ಕಣ್ಣು ಹೊಡೆದು, "ಈ ಸಾಹೇಬರ ಮಾತಿಗೆ ಯಾರಾದರೂ ತರ್ಜುಮೆದಾರರನ್ನು ಕರೆಸಿರಪ್ಪ" ಎಂದಿದ್ದ. ಇವನು ಕೊಳ್ಳಲು ಹೋದ ಸಕ್ಕರೆ ಬಿಟ್ಟು ಬರಿಗೈಯಲ್ಲಿ ರೂಮಿಗೆ ಬಂದು ಕೂತಿದ್ದ. ಮೊದಲಿನಿಂದಲೂ ಮಾತಿನವನಲ್ಲ. ಚಿಕ್ಕವನಿದ್ದಾಗ ಅವ್ವನನ್ನು ಸೊಲ್ಲಾಪುರದ ಆಸ್ಪತ್ರೆಗೆಂದು ಜೀಪಿನಲ್ಲಿ ಮಲಗಿಸಿಕೊಂಡು ಹೋದರು, ಅವಳು ತಿರುಗಿ ಬರಲಿಲ್ಲ. ಆಗ ಇವನು ಅಳಲೂ ಇಲ್ಲ, ಒಂದು ಅಕ್ಷರ ಆಡಲೂ ಇಲ್ಲ. ಹುಡುಗನಿಗೆ ಬಾಯಿ ಬಿದ್ದು ಹೋಯಿತೆಂದು ಓಣಿಯವರೆಲ್ಲ ಅಂದುಕೊಂಡರು. ಅಕ್ಕ ನಾಗವ್ವ ಮಾತ್ರ ಏನೂ ಅನ್ನದೆ, ದಿನಾ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ರೊಟ್ಟಿ ಮುರಿದು ಬಾಯಿಗಿಡುತ್ತಿದ್ದಳು. ಅಂಥ ಹುಡುಗ ಪುಣೆಯಲ್ಲಿ ಬದುಕಬೇಕೆಂದು ಕೊಂಕು ಕಲಿತ. ಕೆಲವರು ಕರಾಟೆ ಕಲಿಯುತ್ತಾರಲ್ಲ, ಹಾಗೆ. ಕಲಿತದ್ದನ್ನು ಎಷ್ಟು ಹದ ಮಾಡಿಕೊಂಡನೆಂದರೆ, ಈಗ ಪುಣೆಯ ಹಳೆಯ ಪೇಟೆಯವರೇ ಅವನೆದುರು ಮಾತು ಹುಡುಕಬೇಕು.

ಈ ಬಾಯಿಗೆ ವರ್ಷಕ್ಕೊಮ್ಮೆ ಹಬ್ಬ. ಪುಣೆಯ ಗಣೇಶ ಮಂಡಳಗಳಲ್ಲಿ ಜೀವಂತ ದೇಖಾವೆ ಎಂದು ಮಾಡುತ್ತಾರೆ. ಗಣಪತಿಯ ಪಕ್ಕದ ವೇದಿಕೆಯ ಮೇಲೆ ಮಂಡಳದ ಹುಡುಗರು ವೇಷ ಹಾಕಿ ನಿಂತು ಕೈಬಾಯಿ ಆಡಿಸುತ್ತಾರೆ, ಮಾತೆಲ್ಲ ಮೊದಲೇ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಕೊಂಡದ್ದು ಸ್ಪೀಕರಿನಿಂದ ಬರುತ್ತದೆ. ಒಂದು ಆಟ ಮುಗಿದು ಜನ ಕರಗಿದರೆ ಅದೇ ಆಟ ಮತ್ತೆ ಮೊದಲಿನಿಂದ. ಇವರ ಓಣಿಯ ಮಂಡಳದ ದೇಖಾವೆ ಬರೆಯುವವನು ಹೊಳಬಸಪ್ಪ, ಮುಖ್ಯ ಪಾತ್ರದ ದನಿಯೂ ಅವನದೇ. ಮಂಡಳದ ಅಧ್ಯಕ್ಷ ಪ್ರಲ್ಹಾದ ಹಾರ್ಡ್‌ವೇರ್ ಅಂಗಡಿಯ ಮರಾಠಿ ಮನುಷ್ಯ. ಹೊಳಬಸಪ್ಪನನ್ನು ಅಪ್ಪಾ ಎಂದೇ ಕರೆಯುವ ಅವನು ಎಲ್ಲರೆದುರು, "ನಮ್ಮ ಅಪ್ಪಾ ಕರ್ನಾಟಕದಲ್ಲಿ ಹುಟ್ಟಿದ್ದು ದೇವರ ಆಫೀಸಿನಲ್ಲಿ ಆದ ತಪ್ಪು" ಎನ್ನುತ್ತಿದ್ದ. ಈ ಮಾತು ಕೇಳಿದ ದಿನ ಹೊಳಬಸಪ್ಪನಿಗೆ ಆ ಹಳೆಯ ಸಕ್ಕರೆ ಕೈಗೆ ಸಿಕ್ಕಂತಾಗಿತ್ತು.

ಈ ವರ್ಷದ ದೇಖಾವೆಯ ಹೆಸರು 'ಅಣುತೀರ್ಥ'. ಬ್ರಹ್ಮಾಂಡೇಕರ ಎಂಬ ವಿಜ್ಞಾನಿ ಒಂದು ಹಂಡೆ ನೀರು ಮುಂದಿಟ್ಟುಕೊಂಡು ನಿಂತಿರುತ್ತಾನೆ. "ನಮ್ಮ ಪೂರ್ವಜರಿಗೆ ರಾಕೆಟ್ ಗೊತ್ತಿತ್ತು, ಇಂಟರ್‌ನೆಟ್ ಗೊತ್ತಿತ್ತು. ಪಾಸ್‌ವರ್ಡ್ ಬರೆದಿಡುವುದನ್ನು ಮಾತ್ರ ಮರೆತರು. ಆ ಪಾಸ್‌ವರ್ಡ್ ನನಗೆ ಸಿಕ್ಕಿದೆ, ಈ ಹಂಡೆಯಲ್ಲಿದೆ! ಈ ತೀರ್ಥದಲ್ಲಿ ಎರಡು ಪಾಲು ಜಲಜನಕ, ಒಂದು ಪಾಲು ಆಮ್ಲಜನಕ ಇದೆಯೆಂದು ಜರ್ಮನಿಯವರೇ ಒಪ್ಪಿಕೊಂಡಿದ್ದಾರೆ!" ಆಮೇಲೆ ಒಬ್ಬ ಪುಢಾರಿ ಬಂದು, ವಾರ್ಡಿನ ರಸ್ತೆಯಲ್ಲಿರುವವು ಗುಂಡಿಗಳಲ್ಲ, ಚಂದ್ರನ ಮೇಲೆ ನಡೆಯುವುದನ್ನು ಕಲಿಸಲು ಸರಕಾರ ಮಾಡಿಸಿದ ತರಬೇತಿ ಕೇಂದ್ರಗಳು ಎಂದು ಸಾರಿ, ಒಂದು ಲೋಟ ತೀರ್ಥ ಕುಡಿದು ಪಕ್ಷ ಬದಲಿಸುತ್ತಾನೆ. ಕಡೆಗೆ ಧಾರಾವಾಹಿಯ ನಾಯಕಿ. "ಒಂದೇ ಸೀರಿಯಲ್ಲಿನಲ್ಲಿ ಮೂರು ಸಲ ಸತ್ತೆ. ಮೂರು ಸಲವೂ ಈ ತೀರ್ಥ ಕುಡಿದು ಎದ್ದು ಕೂತೆ, ಲಿಪ್‌ಸ್ಟಿಕ್ ಕೂಡ ಅಳಿಸಲಿಲ್ಲ!" ಆಗ ಬ್ರಹ್ಮಾಂಡೇಕರ ಎರಡೂ ಕೈ ಎತ್ತಿ ಕೂಗುತ್ತಾನೆ: "ಡಾಕ್ಟರರ ಮಾತ್ರೆಗಳನ್ನು ಇವತ್ತೇ ಮುಠಾ ನದಿಗೆ ಎಸೆಯಿರಿ! ಮೀನುಗಳಿಗಾದರೂ ಬಿಪಿ ಇಳಿಯಲಿ!" ಜನ ಬಿದ್ದು ಬಿದ್ದು ನಗುತ್ತಿದ್ದರು. ಪ್ರಲ್ಹಾದ ವ್ಯಾಪಾರಸ್ಥ. ಈ ನಗುವನ್ನು ಗಾಳಿಗೆ ಬಿಡುವುದೇಕೆಂದು ಸಣ್ಣ ಬಾಟಲಿಗಳಿಗೆ ನಲ್ಲಿಯ ನೀರು ತುಂಬಿಸಿ, ಬ್ರಹ್ಮಾಂಡೇಕರನ ಚಿತ್ರದ ಚೀಟಿ ಅಂಟಿಸಿ, ಹಬ್ಬದ ಚಂದಾ ಕೊಟ್ಟವರಿಗೆಲ್ಲ ತಮಾಷೆಯ ಪ್ರಸಾದವೆಂದು ಹಂಚತೊಡಗಿದ.

ನಾಗವ್ವ ಆಗ ತಮ್ಮನ ಮನೆಯಲ್ಲೇ ಇದ್ದಳು. ಬೇಸಿಗೆಯಲ್ಲಿ ಅವಳಿಗೆ ಎದೆನೋವು ಬಂದು, ಪುಣೆಗೆ ಕರೆತಂದು, ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿದ್ದರು. ರಕ್ತ ತೆಳುವಾಗಿಡುವ ಮಾತ್ರೆ ಕೊಟ್ಟು, ವರ್ಷದ ತನಕ ಒಂದು ದಿನವೂ ತಪ್ಪಿಸಬಾರದು ಎಂದು ಡಾಕ್ಟರು ಬೆರಳೆತ್ತಿ ಹೇಳಿದ್ದರು. ಆ ಮಾತ್ರೆಯಿಂದ ನಾಗವ್ವನ ಕೈಗೆ ಎಲ್ಲಿ ಸ್ವಲ್ಪ ತಾಗಿದರೂ ನೀಲಿಗಟ್ಟುತ್ತಿತ್ತು. ಬಳೆ ಏರಿಸಿದರೂ ಕಲೆ, ಕೊಡ ಎತ್ತಿದರೂ ಕಲೆ. ಹಬ್ಬಕ್ಕೆ ಬಂದ ಹೆಂಗಸರ ನಡುವೆ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಕೂರುವುದು ಅವಳಿಗೆ ಸಾಕಾಗಿ ಹೋಗಿತ್ತು.

ಹಬ್ಬ ಅರ್ಧ ಕಳೆದಿತ್ತು. ರಜೆಯ ಬೆಳಗ್ಗೆ, ನಾಗವ್ವ ಬಾಲ್ಕನಿಯಲ್ಲಿ ಕೂತು ಮೆಂತ್ಯಪಲ್ಲೆ ಸೋಸುತ್ತಿದ್ದಳು. ಹೊಳಬಸಪ್ಪ ಚಹಾ ಹಿಡಿದು ಬಂದವನು ಅವಳ ಕೈ ನೋಡಿದ. ನೀಲಿ ಕಲೆಗಳೆಲ್ಲ ತಿಳಿಯಾಗಿದ್ದವು.

"ಏನಕ್ಕ, ಕೈ ಭಾಳ ಬೆಳಗಾಕತ್ತಾವು. ಸಾಬೂನಿನ ಜಾಹೀರಾತಿನವರು ಬಂದು ಹೋದ್ರೇನ?"

ನಾಗವ್ವನ ಮುಖ ಅರಳಿತು. "ಹಬ್ಬ ಮುಗದ ಮ್ಯಾಲೆ ಹೇಳೋಣಂತ ಮಾಡಿದ್ದೆ. ನೋಡು ನಿನ್ನ ತೀರ್ಥದ ಗುಣ."

"ಯಾವ ತೀರ್ಥ?"

"ಗಣಪತಿ ಮುಂದ ನೀನ ಹೇಳ್ತಿಯಲ್ಲೋ, ಅಣುತೀರ್ಥ. ಮುಂಜಾನಿ ಒಂದು ಲೋಟ, ಸಂಜೀಕ ಒಂದು ಲೋಟ ಕುಡ್ಯಾಕತ್ತೀನಿ. ಆ ಸುಡಗಾಡ ಗುಳಿಗಿ ಬಿಟ್ಟಾಗಿಂದ ಮೈ ಹೆಂಗ ಹಗರ ಆಗೇದ ಅಂತಿ!"

ಹೊಳಬಸಪ್ಪ ಚಹಾ ಕೆಳಗಿಟ್ಟ. ಒಳಗೆ ಹೋಗಿ ಅವಳ ಹಾಸಿಗೆಯ ಪಕ್ಕದ ಮಾಡ ನೋಡಿದ. ಗಣಪತಿ ಕೂರುವ ಮುಂಚೆ ಅವನೇ ತಂದುಕೊಟ್ಟ ಮಾತ್ರೆಯ ಪಟ್ಟಿ ಮೊದಲ ಸಾಲಿನ ಹೊರತು ಹಾಗೇ ತುಂಬಿತ್ತು. ಅದರ ಪಕ್ಕದಲ್ಲಿ ಬ್ರಹ್ಮಾಂಡೇಕರನ ಚಿತ್ರವಿದ್ದ ಬಾಟಲಿಗಳು ಸಾಲಾಗಿ ನಿಂತಿದ್ದವು. ದೇಖಾವೆ ಶುರುವಾದ ಮರುದಿನದಿಂದಲೇ ಅವಳು ಮಾತ್ರೆ ಬಿಟ್ಟಿದ್ದಳು.

ಅವನು ಮೆಟ್ಟಿಲಿಗೆ ಹೋಗಿ ನಿಂತು ಆಸ್ಪತ್ರೆಗೆ ಫೋನು ಮಾಡಿದ. ಎತ್ತಿದ ಡಾಕ್ಟರಮ್ಮ ಜ್ಯೋತ್ಸ್ನಾ ಎಂಬಾಕೆ. ವಿಷಯ ಕೇಳಿದವರೇ ಹೇಳಿದರು: "ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿದರೆ ಆಸ್ಪತ್ರೆ ಮುಟ್ಟುವಷ್ಟು ಸಮಯ ಸಿಗದೇ ಹೋಗಬಹುದು, ಕಾಕಾ. ಇವತ್ತಿನ ಮಾತ್ರೆ ಈಗಲೇ ಕೊಡಿ, ಅವರನ್ನೂ ಕರೆತನ್ನಿ. ಎದೆಯಲ್ಲಿ ಕಸಿವಿಸಿಯಾದರೂ ಸಾಕು, ಕಾಯಬೇಡಿ." ಹೊಳಬಸಪ್ಪ "ಹಾಂ" ಎಂದು ಫೋನಿಟ್ಟ.

ಒಳಗೆ ಬಂದು ಅಕ್ಕನೆದುರು ಕೂತ. ಹೆಂಡತಿ ಶೈಲಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಅಕ್ಕ, ಅದು ಸುಳ್ಳು. ನಲ್ಲಿ ನೀರು ಅದು. ಆ ಮಾತೆಲ್ಲ ನಾನ ಬರದದ್ದು."

"ನೀ ಬರದದ್ದು ಅಂತ ನನಗ ಗೊತ್ತಿಲ್ಲೇನು? ಅದಕ್ಕ ನಂಬೀನಿ. ಬ್ಯಾರೆದವರು ಹೇಳಿದ್ರ ನಂಬತಿದ್ನೇನು?" ಎಂದಳು ನಾಗವ್ವ. "ಗಣಪತಿ ಮುಂದ ನಿಂತು ನನ್ನ ತಮ್ಮ ಸುಳ್ಳು ಹೇಳ್ತಾನೇನು?"

"ಚ್ಯಾಷ್ಟಿ ಅದು, ಅಕ್ಕ! ಜನ ನಗಲಿ ಅಂತ ಮಾಡಿದ್ದು."

"ನಕ್ಕರೇನಾತು? ಚಲೋ ಸುದ್ದಿ ಕೇಳಿದ್ರ ಜನ ನಗೂದಿಲ್ಲೇನು? ಜರ್ಮನಿಯವರು ಒಪ್ಯಾರೋ ಇಲ್ಲೋ ಅಷ್ಟ ಹೇಳು."

ಹೊಳಬಸಪ್ಪ ಹಣೆ ಹಣೆ ಬಡಿದುಕೊಂಡ. "ಎರಡು ಪಾಲು ಅದು, ಒಂದು ಪಾಲು ಇದು ಅಂದ್ರ ನೀರು ಅಂತ ಅರ್ಥ. ಎಮ್ಮಿ ಕುಡಿಯೋ ಬಾನಿಯೊಳಗಿನ ನೀರಿನಾಗೂ ಅಷ್ಟ ಇರ್ತದ!"

"ಹಂಗಾದ್ರ ಖರೇನ ಅಂದಂಗಾತಲ್ಲ," ಎಂದಳು ನಾಗವ್ವ ಗೆದ್ದವಳಂತೆ.

ಇಂಡಿಯ ಕಡೆ ಮಾತೆಂದರೆ ಮಾತು. ಬೈಯಬೇಕಾದರೆ ಬೈಯುತ್ತಾರೆ, ಹೊಗಳಬೇಕಾದರೆ ಹೊಗಳುತ್ತಾರೆ. ಹೊಗಳಿದಂತೆ ಬೈಯುವ ವಿದ್ಯೆ ಅಲ್ಲಿ ಯಾರಿಗೂ ಬೇಕಾಗಿಲ್ಲ. ಗಡಿಯ ಕಡೆಯವಳಾದ ನಾಗವ್ವನಿಗೆ ಮರಾಠಿ ತಿಳಿಯುತ್ತಿತ್ತು, ತಮ್ಮ ಪುಣೆಯಲ್ಲಿ ಏನು ಕಲಿತನೆಂಬುದು ತಿಳಿದಿರಲಿಲ್ಲ. ಅವಳಿಗೆ ಕೇಳಿಸಿದ್ದು ಅಂಥ ದೊಡ್ಡ ಪೇಟೆಯಲ್ಲಿ, ಅಷ್ಟೊಂದು ಜನರೆದುರು, ದೇವರ ಪಕ್ಕದ ಸ್ಪೀಕರಿನಿಂದ ಬಂದ ತಮ್ಮನ ದನಿ. ಅವಳು ಮನೆಯಲ್ಲಿ ಮಾಡಿದ ಪ್ರಯೋಗದ ಫಲವೂ ಕೈಮೇಲೆ ಕಾಣುತ್ತಿತ್ತು. ಮಾತ್ರೆ ಬಿಟ್ಟದ್ದರಿಂದ ಕಲೆ ಹೋಯಿತು, ಅದೇ ಅಪಾಯ ಎಂದು ಅವನು ಎಷ್ಟು ಬಿಡಿಸಿ ಹೇಳಿದರೂ, ಕಲೆ ಹೋದದ್ದು ಖರೆ ಎಂಬಲ್ಲಿಗೇ ಬಂದು ನಿಲ್ಲುತ್ತಿದ್ದಳು.

"ಅಕ್ಕಾರ, ಡಾಕ್ಟರರು ಹೇಳ್ಯಾರ್ರಿ, ಒಂದು ದಿನಾನೂ ಬಿಡಬಾರದಂತ," ಎಂದಳು ಶೈಲಾ.

"ಡಾಕ್ಟರ್ ಮಾತು ನಿನ್ನ ಗಂಡನ್ನ ಕೇಳು. ದವಾಖಾನಿಯೊಳಗ ಮಲಗಿದಾಗ ಅಂವನ ಹೇಳಿದ್ದ, 'ಡಾಕ್ಟರ್ ಹೊಸಾ ಬಂಗಲೆ ಕಟ್ಟಸಾಕತ್ತಾನ, ಪೈಪ್ ಒಂದು ಉಳೀತು, ಅದನ್ನ ನಿನ್ನ ಎದಿಯೊಳಗ ಕೂಡಿಸ್ಯಾನ' ಅಂತ. ಹೇಳಿದ್ದಿಯೋ ಇಲ್ಲೋ?"

ಹೇಳಿದ್ದ. ಅವತ್ತು ವಾರ್ಡಿನಲ್ಲಿದ್ದವರೆಲ್ಲ ನಕ್ಕಿದ್ದರು, ಅಕ್ಕನೂ ನಕ್ಕಿದ್ದಳು. ಅವಳ ಹೆದರಿಕೆ ಹೋಗಲಿ ಎಂದೇ ಅವನು ಹಾಗಂದಿದ್ದು. ಇನ್ನೂ ಖರೆ ಹೇಳಬೇಕೆಂದರೆ, ತನ್ನ ಹೆದರಿಕೆ ಹೋಗಲಿ ಎಂದು.

ಮಧ್ಯಾಹ್ನದ ತನಕ ಇದೇ ನಡೆಯಿತು. ಆಸ್ಪತ್ರೆಗೆ ಹೋಗೋಣವೆಂದರೆ, ಆರಾಮಿದ್ದವಳಿಗೆ ಆಸ್ಪತ್ರೆ ಏಕೆ ಎಂದು ಅವಳು ಏಳಲಿಲ್ಲ. ನಾಗವ್ವ ಕೆಮ್ಮಿದರೆ ಅವನು ಬೆಚ್ಚುತ್ತಿದ್ದ. ಅವಳು ಸೆರಗು ಸರಿಪಡಿಸಲು ಎದೆಯ ಕಡೆ ಕೈ ತಂದರೆ ಇವನು ಫೋನಿಗೆ ಕೈ ಹಾಕುತ್ತಿದ್ದ. ಅವಳು ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮಲಗಿದಾಗ ಎದುರಿಗೇ ಕುರ್ಚಿ ಹಾಕಿಕೊಂಡು ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ ಕೂತ. ಮಾತ್ರೆಯನ್ನು ಪುಡಿ ಮಾಡಿ ಸಾರಿನಲ್ಲಿ ಕಲಸೋಣವೇ ಎಂದು ಶೈಲಾ ಪಿಸುಗುಟ್ಟಿದಳು. ಇವತ್ತು ಕಲಸಬಹುದು. ಊರಿಗೆ ಹೋದ ಮೇಲೆ ಕಲಸುವವರು ಯಾರು? ಅದೂ ಅಲ್ಲದೆ, ಅವನಿಗೆ ರೊಟ್ಟಿ ಮುರಿದು ಉಣಿಸಿದವಳಿಗೆ ಊಟದಲ್ಲಿ ಕದ್ದು ಏನನ್ನಾದರೂ ಬೆರೆಸುವುದು ಅವನ ಕೈಯಲ್ಲಾಗುವ ಕೆಲಸವಾಗಿರಲಿಲ್ಲ.

ಅವಳು ಎದ್ದು ಬಾಟಲಿಯ ಮುಚ್ಚಳ ತಿರುವುವಾಗ ಅವನ ಸಹನೆ ಕೆಟ್ಟಿತು. ಸಿಟ್ಟು ಬಂದರೂ ಹೆದರಿಕೆ ಬಂದರೂ ಅವನ ನಾಲಗೆಗೆ ಗೊತ್ತಿದ್ದ ದಾರಿ ಒಂದೇ. "ಕುಡಿ ಕುಡಿ, ಹೊಟ್ಟಿ ತುಂಬ ಕುಡಿ. ಒಂದು ಬಾಟ್ಲಿ ತಗದಿಟ್ಟಿರು. ನಾಳೆ ಗಂಗಾಜಲ ಹುಡಕೋದು ತಪ್ಪತದ, ಇದನ್ನ ಬಾಯಾಗ ಬಿಡ್ತೀವಿ."

ಇದರಲ್ಲಿ ಕೊಂಕು ಎಲ್ಲಿದೆಯೆಂದು ಹುಡುಕುವ ಕಷ್ಟ ನಾಗವ್ವನಿಗಿರಲಿಲ್ಲ. ಅವಳು ಬಾಟಲಿಯ ಮುಚ್ಚಳವನ್ನು ತಿರುಗಿ ಹಾಕಿದಳು.

"ಇಷ್ಟ ದಿವಸ ಇಟಗೊಂಡಿ, ಭಾಳ ಆತು ತಮ್ಮಾ. ನಾಳೆ ಮುಂಜಾನಿ ಬಸ್ಸಿಗೆ ಇಂಡಿಗೆ ಹೋಗ್ತೀನಿ. ಸಂಜೀಕ ಒಮ್ಮೆ ಗಣಪತಿಗೆ ಕೈ ಮುಗದು ಬರ್ತೀನಿ, ಅಷ್ಟ." ಅವಳು ಚೀಲ ತೆಗೆದು, ಮೊದಲು ಬಾಟಲಿಗಳನ್ನು ಸೀರೆಯಲ್ಲಿ ಸುತ್ತಿ ಇಟ್ಟಳು. ಮಾತ್ರೆಯ ಪಟ್ಟಿ ಮಾಡದಲ್ಲೇ ಉಳಿಯಿತು. ಹೊಳಬಸಪ್ಪ ಅದನ್ನೆತ್ತಿ ಅಂಗಿಯ ಜೇಬಿಗೆ ಹಾಕಿಕೊಂಡು ಹೊರಬಿದ್ದ.

ಮಂಡಪದಲ್ಲಿ ಸಂಜೆಯ ತಯಾರಿ ನಡೆದಿತ್ತು. ಅಂದು ದೇಖಾವೆಯ ಸ್ಪರ್ಧೆಗೆ ತೀರ್ಪುಗಾರರು ಬರುವವರಿದ್ದರು. ಪ್ರಲ್ಹಾದ ಹೊಸ ಕುರ್ತಾ ತೊಟ್ಟು ಮಾಲೆಗಳನ್ನು ಸರಿಪಡಿಸುತ್ತಿದ್ದ.

"ದೇಖಾವೆ ನಿಲ್ಲಿಸು, ಪ್ರಲ್ಹಾದ. ಬಾಟಲಿಗಳನ್ನು ತೆಗೆಸು. ನನ್ನ ಅಕ್ಕ ಅದನ್ನು ನಂಬಿ ಮಾತ್ರೆ ಬಿಟ್ಟಿದ್ದಾಳೆ."

ಪ್ರಲ್ಹಾದ ಅವನ ಮುಖವನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. "ವಾ ಅಪ್ಪಾ, ವಾ! ಇದನ್ನೂ ಸೇರಿಸಬೇಕಿತ್ತು. ವಿಜ್ಞಾನಿಯ ಅಕ್ಕನೇ ಮೊದಲ ರೋಗಿ!"

"ನಾನು ತಮಾಷೆ ಮಾಡುತ್ತಿಲ್ಲ."

"ನೀನು ಯಾವಾಗ ತಮಾಷೆ ಮಾಡುತ್ತಿದ್ದೇನೆಂದು ಹೇಳಿದ್ದಿ? ಹೇಳದೆ ಮಾಡುವುದೇ ನಿನ್ನ ಕೈಗುಣ!" ಸೌಂಡ್ ಪೆಟ್ಟಿಗೆಯ ಹಿಂದೆ ಕೂತಿದ್ದ ದಿಗಂಬರನಿಗೂ ಕರೆದು ಹೇಳಿದ. ದಿಗಂಬರನೂ ನಕ್ಕ. ಹೊಳಬಸಪ್ಪ ತೋಳು ಹಿಡಿದು ಅಲುಗಾಡಿಸಿದ, ಬೇಡಿಕೊಂಡ, ಆಸ್ಪತ್ರೆಯ ಮಾತು ಹೇಳಿದ. ಅವನು ಹೇಳಿದಷ್ಟೂ ಇಬ್ಬರಿಗೂ ನಗು ಏರಿತು. "ಅಳುವ ದನಿ ಕೂಡ ಎಷ್ಟು ಚೆನ್ನಾಗಿ ತೆಗೆಯುತ್ತಾನೆ ನೋಡು" ಎಂದ ಪ್ರಲ್ಹಾದ ಮೆಚ್ಚಿಗೆಯಿಂದ. ಅವನದೂ ತಪ್ಪಲ್ಲ. ಇಷ್ಟು ವರ್ಷ ಇದೇ ಮುಖವಿಟ್ಟುಕೊಂಡು ಇದೇ ಮನುಷ್ಯ ಅವನನ್ನು ನಗಿಸಿದ್ದ.

ದೀಪ ಹಚ್ಚುವ ಹೊತ್ತಿಗೆ ರಸ್ತೆ ತುಂಬಿತು. ಶೈಲಾ ನಾಗವ್ವನನ್ನು ಕರೆತಂದು ಮುಂದಿನ ಸಾಲಿನ ಬೆಂಚಿನ ಮೇಲೆ ಕೂರಿಸಿದಳು. ನಾಗವ್ವ ತಮ್ಮನ ಕಡೆ ನೋಡಲಿಲ್ಲ. ಗಣಪತಿಗೆ ಕೈ ಮುಗಿದು, ಮಡಿಲಲ್ಲಿ ತನ್ನ ಬಾಟಲಿಯನ್ನು ಇಟ್ಟುಕೊಂಡು ಕೂತಳು. ದೇಖಾವೆ ಶುರುವಾಯಿತು. ಹೊಳಬಸಪ್ಪ ಸ್ಪೀಕರಿನ ಕಂಬಕ್ಕೆ ಒರಗಿ ನಿಂತು ತನ್ನದೇ ದನಿ ಕೇಳಿದ. ಎಷ್ಟು ನಂಬಿಕೆಯ ದನಿ! ಡೊಂಕಿಲ್ಲ, ನಡುಕವಿಲ್ಲ, ದೊಡ್ಡ ಆಸ್ಪತ್ರೆಯ ಹಿರಿಯ ಡಾಕ್ಟರನ ಹಾಗಿತ್ತು. ಇಂಥ ದನಿಯಲ್ಲಿ ಯಾರಾದರೂ ತನಗೆ ಹೇಳಿದ್ದರೆ ತಾನೂ ನಂಬುತ್ತಿದ್ದೆನಲ್ಲ ಎಂದು ಅವನಿಗೆ ಅನಿಸಿತು. ಮೀನುಗಳಿಗೆ ಬಿಪಿ ಇಳಿಯುವ ಮಾತು ಬಂದಾಗ ಜನ ಚಪ್ಪಾಳೆ ಹೊಡೆದರು. ನಾಗವ್ವನೂ ತಲೆದೂಗಿ ಬಾಟಲಿಯಿಂದ ಒಂದು ಗುಟುಕು ಕುಡಿದಳು.

ಆ ಆಟ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವಿನಲ್ಲಿ ಹೊಳಬಸಪ್ಪ ದಿಗಂಬರನ ಕೈಯಿಂದ ಮೈಕ್ ಕಿತ್ತುಕೊಂಡು ವೇದಿಕೆ ಹತ್ತಿದ.

"ಸ್ವಲ್ಪ ಕೇಳಿ," ಎಂದ ಮರಾಠಿಯಲ್ಲಿ. "ಈ ನೀರು ನಲ್ಲಿಯ ನೀರು. ಇದರಿಂದ ಯಾವ ಕಾಯಿಲೆಯೂ ವಾಸಿಯಾಗುವುದಿಲ್ಲ. ಇದನ್ನು ಬರೆದವನು ನಾನು. ನಾನು ವಿಜ್ಞಾನಿಯಲ್ಲ, ಕಾಲೇಜಿನಲ್ಲಿ ಹಾಲ್ ಟಿಕೆಟ್ ಕೊಡುವವನು. ದಯವಿಟ್ಟು ಯಾರೂ ಮಾತ್ರೆ ಬಿಡಬೇಡಿ."

ಹಿಂದಿನಿಂದ ಒಬ್ಬ ಕಿಸಕ್ಕೆಂದ. ಆಮೇಲೆ ರಸ್ತೆಗೆ ರಸ್ತೆಯೇ ನಕ್ಕಿತು. ತೀರ್ಪುಗಾರರು ತೊಡೆ ತಟ್ಟಿಕೊಂಡರು. ಪ್ರಲ್ಹಾದ ಕೆಳಗಿನಿಂದ, ಭಲೇ ಎಂದು ಹೆಬ್ಬೆರಳೆತ್ತಿದ. ಆ ವರ್ಷದ ಹಬ್ಬದಲ್ಲಿ ಅಷ್ಟು ದೊಡ್ಡ ನಗು ಯಾವ ಮಂಡಳಕ್ಕೂ ಸಿಕ್ಕಿರಲಿಕ್ಕಿಲ್ಲ.

"ನಗಬೇಡಿ," ಎಂದ ಹೊಳಬಸಪ್ಪ. ನಗು ಇನ್ನೂ ಜೋರಾಯಿತು.

ಅವನು ಕನ್ನಡಕ್ಕೆ ತಿರುಗಿದ. "ಅಕ್ಕಾ..." ಎಂದ ಮೈಕಿನಲ್ಲಿ. ಮುಂದಿನ ಮಾತು ಬರಲಿಲ್ಲ. ಬಾಯಿ ತೆರೆದ. ಬಾಯಲ್ಲಿ ಏನೂ ಇರಲಿಲ್ಲ. ಇಷ್ಟು ವರ್ಷ ಎಲ್ಲಿಂದಲೋ ತಾನಾಗಿ ಬಂದು ನಾಲಗೆಯ ತುದಿಯಲ್ಲಿ ಕೂರುತ್ತಿದ್ದ ಮಾತು ಅಂದು ಅವನನ್ನು ಬಿಟ್ಟು ಹೋಗಿತ್ತು. ಮೈಕನ್ನು ಹಂಡೆಯ ಪಕ್ಕಕ್ಕೆ ಇಟ್ಟು, ಮೆಟ್ಟಿಲಿಳಿದು, ನಗುತ್ತಿದ್ದ ಜನರ ನಡುವೆ ದಾರಿ ಮಾಡಿಕೊಂಡು ಬಂದು ಅಕ್ಕನ ಪಕ್ಕ ಬೆಂಚಿನ ಮೇಲೆ ಕೂತ. ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ.

ನಾಗವ್ವ ಮುಖ ತಿರುಗಿಸಿಯೇ ಕೂತಿದ್ದಳು. ಮಾತಿನ ಬಾಲ ಬರಲಿ ಎಂದು ಕಾದಳು. ತಮ್ಮ ಏನಾದರೊಂದು ಅನ್ನುತ್ತಾನೆ, ಸುತ್ತಲಿನವರು ನಗುತ್ತಾರೆ, ತಾನು ಸಿಟ್ಟಿನಲ್ಲೇ ಇರಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಬಾಲ ಬರಲಿಲ್ಲ. ಸುತ್ತಲಿನವರು ಅವನ ಬೆನ್ನು ತಟ್ಟಿದರು, ಅವನು ತಿರುಗಿ ನೋಡಲಿಲ್ಲ. ಕಡೆಗೆ ನಾಗವ್ವನೇ ತಿರುಗಿದಳು.

ಅವನು ಅಳುತ್ತಿರಲಿಲ್ಲ. ಕಣ್ಣು ಅಗಲ ತೆರೆದುಕೊಂಡು, ತುಟಿ ಬಿಗಿದುಕೊಂಡು, ಮುಂದೆ ಏನೂ ಕಾಣದವನ ಹಾಗೆ ಕೂತಿದ್ದ. ತಲೆಯ ಕೂದಲು ಅರ್ಧ ಬೆಳ್ಳಗಾಗಿತ್ತು, ಮುಖ ಮಾತ್ರ ಆವತ್ತು ಜೀಪು ಹೋದ ದಾರಿಯನ್ನೇ ನೋಡುತ್ತ ಕಟ್ಟೆಯ ಮೇಲೆ ಕೂತಿದ್ದ ಹುಡುಗನದು.

"ಬಸ್ಯಾ," ಎಂದಳು ನಾಗವ್ವ. "ಏನಾತೋ?"

ಅವನು ಮಾತಾಡಲಿಲ್ಲ.

ನಾಗವ್ವನಿಗೆ ಹೆದರಿಕೆಯಾಯಿತು. ಡಾಕ್ಟರು ಬೆರಳೆತ್ತಿದಾಗ ಆಗದ ಹೆದರಿಕೆ, ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೋದಾಗಲೂ ಆಗದ ಹೆದರಿಕೆ ಆಯಿತು. ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಈ ಮಾರಿ ನಾ ನೋಡೀನೋ. ಈ ಮಾರಿ ಒಮ್ಮೆ ನೋಡೀನಿ." ಅವಳ ಕಣ್ಣು ಅವನ ಅಂಗೈಗೆ ಇಳಿಯಿತು. ಅಲ್ಲಿ ಮಾತ್ರೆಯ ಪಟ್ಟಿ ಇತ್ತು. "ಅಷ್ಟು ಖರೇ ಏನೋ ಇದು? ಅವ್ವನಂಗ ನಾನೂ ಹೋಗ್ತೀನಂತ ಅಂಜೀ ಏನು?"

ಹೊಳಬಸಪ್ಪ ಹೂಂ ಎಂಬಂತೆ ತಲೆಯಾಡಿಸಿದ.

ಅವಳು ಪಟ್ಟಿ ತೆಗೆದುಕೊಂಡು, ಬೆರಳಿಂದ ಒತ್ತಿ ಒಂದು ಮಾತ್ರೆ ತೆಗೆದಳು. ನೀರಿಗಾಗಿ ಸುತ್ತ ನೋಡಿದಳು. ಶೈಲಾ ತಂದಿರಲಿಲ್ಲ.

ಅಷ್ಟರಲ್ಲಿ ದಿಗಂಬರ ಮುಂದಿನ ಆಟ ಹಚ್ಚಿದ. ಸ್ಪೀಕರಿನಿಂದ ಹೊಳಬಸಪ್ಪನ ದನಿ ಗಡುಸಾಗಿ ಎದ್ದಿತು. ಪೂರ್ವಜರು, ರಾಕೆಟ್ಟು, ಪಾಸ್‌ವರ್ಡು. ಹೊಸದಾಗಿ ಬಂದ ಜನ ಆಗಲೇ ನಗಲು ಶುರುಮಾಡಿದ್ದರು. ನಾಗವ್ವ ಸ್ಪೀಕರಿನ ಕಡೆಗೊಮ್ಮೆ, ಪಕ್ಕದಲ್ಲಿ ಬಾಯಿ ಬಿಗಿದು ಕೂತವನ ಕಡೆಗೊಮ್ಮೆ ನೋಡಿದಳು.

"ಅಂವ ಬ್ಯಾರೆ ಯಾರೋ ಇದ್ದಂಗ ಅದಾನ," ಎಂದಳು. "ಒದರಲಿ ಬಿಡು."

ಮಡಿಲಲ್ಲಿದ್ದ ಅಣುತೀರ್ಥದ ಬಾಟಲಿ ಎತ್ತಿ ಅದರ ಚಿತ್ರವನ್ನೊಮ್ಮೆ ತಿರುಗಿಸಿ ನೋಡಿದಳು.

"ಇದು ಬರೇ ನೀರು ಅಂದೆಲ್ಲ?"

ಅವನು ಹೌದೆಂದು ತಲೆಯಾಡಿಸಿದ.

"ಹಂಗಾದ್ರ ಗುಳಿಗಿ ನುಂಗಾಕರೆ ಬರ್ತದ," ಎಂದು ನಾಗವ್ವ ಮಾತ್ರೆಯನ್ನು ನಾಲಗೆಯ ಮೇಲಿಟ್ಟುಕೊಂಡು, ಬಾಟಲಿಯ ನೀರು ಕುಡಿದಳು. ಅದು ಗಂಟಲಿನಲ್ಲಿ ಇಳಿಯುವ ತನಕ ಹೊಳಬಸಪ್ಪ ಅವಳ ಕೊರಳನ್ನೇ ನೋಡುತ್ತಿದ್ದ. ಆಮೇಲೆ ಶೈಲಾ ರಿಕ್ಷಾ ಕರೆದಳು, ಮೂವರೂ ಆಸ್ಪತ್ರೆಯ ಕಡೆ ಹೊರಟರು. ದಾರಿಯುದ್ದಕ್ಕೂ ನಾಗವ್ವ ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, "ಏನರೆ ಅನ್ನೋ, ಒಂದು ಚ್ಯಾಷ್ಟಿನಾರ ಮಾಡೋ" ಎನ್ನುತ್ತಲೇ ಇದ್ದಳು.